ದೇಹದೊಳಗೇ ಔಷಧ ತಯಾರಿಸುವ ಲೋಹದ ಕಣ: ಆ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

"ಇನ್ನು ಕಿಮೋಥೆರಪಿ ಬೇಕಿಲ್ಲ! ಲೋಹದ ಒಂದು ಸಣ್ಣ ಕಣವನ್ನು ಗಡ್ಡೆಯೊಳಗೆ ಇಟ್ಟರೆ ಸಾಕು, ಅದೇ ಔಷಧ ತಯಾರಿಸಿ ಕ್ಯಾನ್ಸರ್ ಕೊಲ್ಲುತ್ತದೆ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಯಲಿ." ಇಂಥ ಒಕ್ಕಣೆಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಏನು ಮಾಡುತ್ತೀರಿ? ಬರೀ ಸುಳ್ಳಾಗಿದ್ದರೆ ಅಳಿಸಿ ಹಾಕಬಹುದಿತ್ತು. ತೊಂದರೆ ಏನೆಂದರೆ ಇದು ಪೂರ್ತಿ ಸುಳ್ಳಲ್ಲ. ಲೋಹದ ಕಣಗಳಿಂದ ಜೀವಕೋಶದೊಳಗೆ ಔಷಧ ತಯಾರಿಸುವ ಸಂಶೋಧನೆ ನಿಜವಾಗಿಯೂ ನಡೆದಿದೆ, ಒಳ್ಳೆಯ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವೂ ಆಗಿದೆ. ಆದರೆ ಪ್ರಯೋಗಾಲಯದ ಗಾಜಿನ ತಟ್ಟೆಯಿಂದ ಆಸ್ಪತ್ರೆಯ ಹಾಸಿಗೆಯವರೆಗಿನ ದಾರಿಯಲ್ಲಿ ಒಂದು ದೊಡ್ಡ ಅಡ್ಡಿ ಇದೆ. ಫಾರ್ವರ್ಡ್‌ಗಳು ಅದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ನಮ್ಮ ದೇಹ ಲೋಹದ ಕೆಲಸವನ್ನು ಕೆಡಿಸುವುದರಲ್ಲಿ ಬಹಳ ನಿಪುಣ ಎಂಬುದೇ ಆ ಅಡ್ಡಿ.

ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿರುವಾಗ "ಸ್ವಲ್ಪ ಕಾಯೋಣ, ಹೊಸದು ಬಂದಿದೆಯಂತೆ" ಎಂದು ಆಸ್ಪತ್ರೆಯ ದಿನಾಂಕ ಮುಂದೂಡಲು ಇಂಥ ಒಂದು ಸಂದೇಶ ಸಾಕು. ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ಕ್ಯಾಟಲಿಸ್ಟ್ ಅಂದರೇನು?

ಶಾಲೆಯ ಪುಸ್ತಕದಲ್ಲಿ ಇದನ್ನು ಕ್ರಿಯಾವರ್ಧಕ ಎಂದು ಓದಿರುತ್ತೀರಿ. ಮದುವೆ ಬ್ರೋಕರ್ ಇದ್ದ ಹಾಗೆ. ಗಂಡು ಹೆಣ್ಣು ಎರಡೂ ಕಡೆಯವರನ್ನು ಕೂಡಿಸಿ, ಮಾತುಕತೆ ಮುಗಿಸಿ, ತಾನು ಆ ಸಂಸಾರದಲ್ಲಿ ಸೇರದೆ ಮುಂದಿನ ಮನೆಗೆ ಹೋಗುತ್ತಾನೆ. ಒಬ್ಬ ಬ್ರೋಕರ್ ನೂರು ಮದುವೆ ಮಾಡಿಸಬಲ್ಲ. ಹಾಗೆಯೇ ಲೋಹದ ಒಂದು ಕಣ ಸಾವಿರಾರು ಅಣುಗಳ ನಡುವೆ ಕ್ರಿಯೆ ನಡೆಸಿ ತಾನು ಮೊದಲಿನಂತೆಯೇ ಉಳಿಯುತ್ತದೆ. ವನಸ್ಪತಿ ತಯಾರಿಸುವ ಕಾರ್ಖಾನೆಯಲ್ಲಿ ನಿಕ್ಕೆಲ್ ಮಾಡುವುದು ಈ ಕೆಲಸ. ಕಾರಿನ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಮಾಡುವುದೂ ಇದನ್ನೇ.

ಆದರೆ ಬ್ರೋಕರನ ಕೈಯನ್ನು ಯಾರಾದರೂ ಗಟ್ಟಿಯಾಗಿ ಹಿಡಿದು ಬಿಡದೇ ಇದ್ದರೆ? ಅವನ ಕೆಲಸ ಅಲ್ಲಿಗೆ ಮುಗಿಯಿತು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಕ್ಯಾಟಲಿಸ್ಟ್‌ಗೆ ವಿಷ ಹಿಡಿಯುವುದು ಎನ್ನುತ್ತಾರೆ. ಇದನ್ನು ನಮ್ಮ ದೇಶ ಪೆಟ್ರೋಲ್ ಬಂಕ್‌ನಲ್ಲೇ ನೋಡಿದೆ. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. 1995ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಕಾರುಗಳಿಗೆ ಕನ್ವರ್ಟರ್ ಬಂದಾಗ ಅವುಗಳಿಗಾಗಿ ಸೀಸರಹಿತ ಪೆಟ್ರೋಲ್ ಬೇರೆಯಾಗಿ ಕೊಡಬೇಕಾಯಿತು. ಸೀಸ ಹೋಗಿ ಕೂತರೆ ಪ್ಲಾಟಿನಂ ಕೆಲಸ ನಿಲ್ಲಿಸುತ್ತದೆ. 2000ದ ಫೆಬ್ರುವರಿಯಿಂದ ದೇಶದ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲೇ ಬಂತು. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು ಎಂಬುದು ದೊಡ್ಡ ಕಾರಣ, ಆದರೆ ಕನ್ವರ್ಟರನ್ನು ಕಾಪಾಡಬೇಕಿತ್ತು ಎಂಬುದೂ ಒಂದು ಕಾರಣ.

ಕಪ್ಪಾಗುವ ಗೆಜ್ಜೆಯೂ ಇದೇ ಕಥೆ

ಸೀಸದ ಜತೆಗೆ ಲೋಹಗಳಿಗೆ ಇನ್ನೊಂದು ಹಳೆಯ ಶತ್ರು ಗಂಧಕ. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುವುದು ಯಾಕೆ? "ದೇಹದ ವಿಷ ಹೊರಬರುತ್ತಿದೆ" ಎನ್ನುವ ಫಾರ್ವರ್ಡ್ ನೀವು ನೋಡಿರಬಹುದು. ಹಾಗೇನಿಲ್ಲ. ಗಾಳಿಯಲ್ಲಿ, ಬೆವರಿನಲ್ಲಿ ಇರುವ ಗಂಧಕದ ಸಂಯುಕ್ತಗಳು ಬೆಳ್ಳಿಯ ಮೇಲ್ಮೈಗೆ ಅಂಟಿಕೊಂಡು ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರ ಮಾಡುತ್ತವೆ. ಬೇಯಿಸಿದ ಮೊಟ್ಟೆಯನ್ನು ಬೆಳ್ಳಿ ಚಮಚದಲ್ಲಿ ತಿಂದರೂ ಚಮಚ ಕಪ್ಪಾಗುತ್ತದೆ. ಮೊಟ್ಟೆಯ ಪ್ರೋಟೀನಿನಲ್ಲೂ ಗಂಧಕ ಇದೆ.

ನಮ್ಮ ಜೀವಕೋಶದ ಒಳಗೂ ಗಂಧಕ ಧಾರಾಳವಾಗಿದೆ. ಅದರಲ್ಲಿ ಮುಖ್ಯವಾದದ್ದು ಗ್ಲುಟಾಥಯೋನ್. ಈ ಹೆಸರು ಎಲ್ಲೋ ಕೇಳಿದಂತಿದೆಯೇ? ಚರ್ಮ ಬೆಳ್ಳಗಾಗಿಸುವ ಡ್ರಿಪ್ ಎಂದು ಬ್ಯೂಟಿ ಕ್ಲಿನಿಕ್‌ಗಳು ಜಾಹೀರಾತು ಕೊಡುವುದು ಇದಕ್ಕೇ. (ಆ ಡ್ರಿಪ್‌ನ ಕಥೆ ಬೇರೆ, ಇನ್ನೊಮ್ಮೆ ಬರೆಯುವಷ್ಟು ಇದೆ.) ಮೂರು ಅಮೈನೋ ಆಮ್ಲ ಸೇರಿ ಆದ ಪುಟ್ಟ ಅಣು ಇದು. ಡ್ರಿಪ್ ಇಲ್ಲದೆಯೇ ನಮ್ಮ ಪ್ರತಿ ಜೀವಕೋಶವೂ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೋಶದೊಳಗಿನ ದ್ರವದಲ್ಲಿ ಲೀಟರ್‌ಗೆ ಸುಮಾರು 0.3 ಗ್ರಾಂನಿಂದ 3 ಗ್ರಾಂವರೆಗೆ ಇರುತ್ತದೆ. ಅದರ ಒಂದು ತುದಿಯಲ್ಲಿ ಗಂಧಕವಿದೆ, ಅದು ಲೋಹವನ್ನು ಕಂಡರೆ ಬಿಡುವುದಿಲ್ಲ. ಪಾದರಸ, ಕ್ಯಾಡ್ಮಿಯಂನಂಥ ವಿಷಲೋಹಗಳು ಒಳಗೆ ಬಂದರೆ ಹಿಡಿದು ಕಟ್ಟಿಹಾಕುವುದು ಇದರ ಕೆಲಸಗಳಲ್ಲಿ ಒಂದು.

ಈಗ ವಿಜ್ಞಾನಿಯ ಕಷ್ಟ ನೋಡಿ. ಒಳ್ಳೆಯ ಉದ್ದೇಶಕ್ಕೆ ಪೆಲೇಡಿಯಂ ಕಣವನ್ನು ಕೋಶದೊಳಗೆ ಕಳಿಸುತ್ತಾನೆ. ಗ್ಲುಟಾಥಯೋನ್‌ಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಒಂದೊಂದು ಲೋಹದ ಪರಮಾಣುವಿಗೆ ನೂರಾರು, ಸಾವಿರಾರು ಗ್ಲುಟಾಥಯೋನ್ ಅಣುಗಳು ಮುತ್ತಿಕೊಳ್ಳುತ್ತವೆ. ಸಾಲದ್ದಕ್ಕೆ ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಗ್ಲುಟಾಥಯೋನ್ ಮಾಮೂಲಿಗಿಂತ ಹೆಚ್ಚೇ ಇರುತ್ತದೆ. ಬೀಕರಿನಲ್ಲಿ ಚೆನ್ನಾಗಿ ಕೆಲಸ ಮಾಡಿದ ಕ್ಯಾಟಲಿಸ್ಟ್ ಕೋಶಕ್ಕೆ ಇಳಿದ ಕೂಡಲೇ ಸುಮ್ಮನಾಗುವುದು ಇದಕ್ಕೇ.

ಹಾಗಾದರೆ ನಮ್ಮ ರಕ್ತದ ಕಬ್ಬಿಣ ಹೇಗೆ ಉಳಿದಿದೆ?

ಒಳ್ಳೆಯ ಪ್ರಶ್ನೆ. ನಮ್ಮ ದೇಹದಲ್ಲೇ ಲೋಹದ ಕ್ಯಾಟಲಿಸ್ಟ್‌ಗಳು ತುಂಬಿವೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ಸೆಂದು ನೊರೆ ಬರುವುದು ಕೆಟಲೇಸ್ ಎಂಬ ಕಿಣ್ವದಿಂದ, ಅದರ ನಡುವೆ ಇರುವುದು ಕಬ್ಬಿಣ. ಕೆಂಪು ರಕ್ತಕಣದಲ್ಲಿರುವ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ನಡುವೆ ಸತು ಇದೆ. ಅದು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ವಿಲೇವಾರಿ ಮಾಡುತ್ತದೆ.

ಇವುಗಳ ಗುಟ್ಟು ಮನೆ ಕಟ್ಟಿರುವ ರೀತಿಯಲ್ಲಿದೆ. ಲೋಹವನ್ನು ಬಯಲಿನಲ್ಲಿ ಬಿಟ್ಟಿಲ್ಲ. ಪ್ರೋಟೀನಿನ ಉದ್ದನೆಯ ಸರಪಳಿ ಮಡಚಿಕೊಂಡು ಒಂದು ಆಳವಾದ ಗೂಡು ಮಾಡಿ, ಅದರೊಳಗೆ ಲೋಹವನ್ನು ಕೂರಿಸಿದೆ. ಬಾಗಿಲು ಕಿರಿದು. ಬೇಕಾದ ಅಣು ಒಳಗೆ ಬರಬಹುದು, ಬೇಡದ್ದು ಹೊರಗೆ. ಹಿಮೋಗ್ಲೋಬಿನ್ ಕ್ಯಾಟಲಿಸ್ಟ್ ಅಲ್ಲ, ಆಮ್ಲಜನಕ ಹೊರುವ ಕೂಲಿಯಾಳು. ಆದರೂ ಅದರ ಉದಾಹರಣೆ ಸ್ಪಷ್ಟವಾಗಿದೆ. ಅದರೊಳಗಿನ ಹೀಮ್ ಎಂಬ ಕಬ್ಬಿಣದ ಬಿಲ್ಲೆಯನ್ನು ಪ್ರೋಟೀನಿನಿಂದ ಬಿಡಿಸಿ ನೀರಿಗೆ ಹಾಕಿದರೆ, ಎರಡು ಬಿಲ್ಲೆಗಳು ಒಂದು ಆಮ್ಲಜನಕವನ್ನು ನಡುವೆ ಹಿಡಿದು ಬೇಗ ಕೆಟ್ಟುಹೋಗುತ್ತವೆ. ಗೂಡಿನೊಳಗೆ ಕೂತಾಗ ಎರಡು ಬಿಲ್ಲೆಗಳು ಒಂದನ್ನೊಂದು ಮುಟ್ಟಲಾರವು. ಅದಕ್ಕೇ ಅದು ಆಮ್ಲಜನಕವನ್ನು ಹೊರುತ್ತದೆ, ಇಳಿಸುತ್ತದೆ, ಮತ್ತೆ ಹೊರುತ್ತದೆ.

ಹೊಲದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಚೆನ್ನಾಗಿ ಬೆಳೆದ ಶೇಂಗಾ ಅಥವಾ ಹೆಸರು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ನೈಟ್ರೋಜಿನೇಸ್ ಎಂಬ ಕಿಣ್ವ ಆ ಗಂಟಿನ ಬ್ಯಾಕ್ಟೀರಿಯಾದಲ್ಲಿದೆ. ಅದರ ಹೃದಯದಲ್ಲಿ ಕಬ್ಬಿಣ ಮತ್ತು ಮಾಲಿಬ್ಡಿನಂ ಇವೆ. ಆಮ್ಲಜನಕ ತಗುಲಿದರೆ ಅದು ಹಾಳು. ಅದಕ್ಕೆ ಗಿಡ ನಮ್ಮ ಹಿಮೋಗ್ಲೋಬಿನ್‌ಗೆ ದಾಯಾದಿಯಾದ ಲೆಗ್‌ಹಿಮೋಗ್ಲೋಬಿನ್ ತಯಾರಿಸಿ ಸುತ್ತಲೂ ತುಂಬಿಸಿಡುತ್ತದೆ. ಬಿಡಿಯಾದ ಆಮ್ಲಜನಕವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಕೆಂಪು ಬಣ್ಣ ಅದರದ್ದು. ಕ್ಯಾಟಲಿಸ್ಟನ್ನು ಕಾಪಾಡುವುದಕ್ಕಾಗಿ ಒಂದು ಗಿಡ ರಕ್ತದಂಥ ವಸ್ತು ತಯಾರಿಸುತ್ತದೆ ಎಂಬುದು ನನಗಂತೂ ಯಾವ ಫಾರ್ವರ್ಡ್‌ಗಿಂತಲೂ ಹೆಚ್ಚಿನ ಅಚ್ಚರಿ.

ಪ್ರಕೃತಿಯ ಈ ಕಾವಲೂ ಪೂರ್ತಿ ಭದ್ರವಲ್ಲ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದು ಜನ ಸಾಯುವುದು ಕಾರ್ಬನ್ ಮೊನಾಕ್ಸೈಡ್‌ನಿಂದ. ಅದು ಅದೇ ಕಿರಿದಾದ ಬಾಗಿಲಿನಿಂದ ನುಗ್ಗಿ ಹಿಮೋಗ್ಲೋಬಿನ್ ಕಬ್ಬಿಣವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಸಯನೈಡ್ ಕೊಲ್ಲುವುದೂ ಉಸಿರಾಟದ ಕಿಣ್ವವೊಂದರ ಕಬ್ಬಿಣವನ್ನು ಹಿಡಿದುಕೊಂಡೇ.

ವಿಜ್ಞಾನಿಗಳು ಕಟ್ಟಿದ ಗೂಡುಗಳು

ಜೀವಂತ ಕೋಶದೊಳಗೆ ಹೊರಗಿನ ಲೋಹದಿಂದ ಕೆಲಸ ಮಾಡಿಸಬಹುದು ಎಂದು ಮೊದಮೊದಲು ತೋರಿಸಿದವರಲ್ಲಿ ಎರಿಕ್ ಮೆಗರ್ಸ್ ಒಬ್ಬರು. 2006ರಲ್ಲಿ ಅವರ ತಂಡ ರುಥೇನಿಯಂ ಬಳಸಿ, ಮುಚ್ಚಳ ಹಾಕಿಟ್ಟ ಒಂದು ಬಣ್ಣದ ಅಣುವಿನ ಮುಚ್ಚಳವನ್ನು ಮಾನವ ಕೋಶದೊಳಗೆ ತೆಗೆದರು. ಮುಚ್ಚಳ ಹೋದ ಕಡೆ ಕೋಶ ಹೊಳೆಯಿತು. ಬಣ್ಣಕ್ಕೆ ಮಾಡಿದ್ದನ್ನು ಔಷಧಕ್ಕೂ ಮಾಡಬಹುದಲ್ಲವೇ? ಫಾರ್ವರ್ಡ್‌ನ ಮೂಲ ಇಲ್ಲಿದೆ.

2011ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ನಲ್ಲಿ ಮಾರ್ಕ್ ಬ್ರಾಡ್ಲಿ, ಆಸಿಯೆರ್ ಉನ್ಸಿಟಿ-ಬ್ರೊಸೆಟಾ ಮತ್ತು ಸಂಗಡಿಗರು ಪೆಲೇಡಿಯಂ ಕಣಗಳನ್ನು ಪಾಲಿಸ್ಟೈರೀನ್ ಗುಂಡುಗಳೊಳಗೆ ಸಿಕ್ಕಿಸಿ ಕೋಶದೊಳಗೆ ಕಳಿಸಿದರು. ಪಾಲಿಸ್ಟೈರೀನ್ ಅಂದರೆ ನಮ್ಮ ಥರ್ಮಾಕೋಲ್ ಆಗುವ ಅದೇ ಪ್ಲಾಸ್ಟಿಕ್, ಆದರೆ ಗುಂಡಿನ ಅಗಲ ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗ. 2014ರಲ್ಲಿ ಎಡಿನ್‌ಬರ್ಗ್‌ನ ತಂಡ 5-ಫ್ಲೂರೋಯುರಾಸಿಲ್ ಎಂಬ ಹಳೆಯ ಕಿಮೋ ಔಷಧಕ್ಕೆ ರಾಸಾಯನಿಕ ಮುಚ್ಚಳ ಹಾಕಿತು. ಮುಚ್ಚಳ ಇದ್ದಾಗ ಆ ಔಷಧ ಕೋಶಗಳಿಗೆ ಹೆಚ್ಚುಕಡಿಮೆ ನಿರುಪದ್ರವಿ. ಪೆಲೇಡಿಯಂ ಇರುವ ಕಡೆ ಮಾತ್ರ ಮುಚ್ಚಳ ಬಿಚ್ಚಿ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಈ ಔಷಧ ತೆಗೆದುಕೊಂಡವರ ಬಾಯಿ ಹುಣ್ಣು, ಭೇದಿ ನೋಡಿದವರಿಗೆ ಇದರ ಆಸೆ ಏನೆಂದು ಗೊತ್ತಾಗುತ್ತದೆ. ಮೈಯೆಲ್ಲ ಔಷಧ ಸುತ್ತುವ ಬದಲು ಗಡ್ಡೆಯ ಹತ್ತಿರ ಮಾತ್ರ ಅದು ಔಷಧವಾಗಬೇಕು.

ಗುಂಡಿನೊಳಗೆ ಇಟ್ಟರೆ ದೊಡ್ಡ ಪ್ರೋಟೀನುಗಳು ಲೋಹದ ಹತ್ತಿರ ಬರಲಾರವು. ಆದರೆ ಗ್ಲುಟಾಥಯೋನ್ ಚಿಕ್ಕದು, ಅದು ನುಸುಳಬಲ್ಲದು. ಬಾಗಿಲು ಕಿರಿದಾದರೆ ಸಾಲದು, ಬರುವವರ ಗುಣವನ್ನೂ ನೋಡಬೇಕು. ಇಲ್ಲಿ ಅಡುಗೆಮನೆಯ ಒಂದು ವಿಷಯ ನೆನಪಿಸಿಕೊಳ್ಳಿ. ಕಾದ ಎಣ್ಣೆಗೆ ಉಪ್ಪು ಹಾಕಿದರೆ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಅರಿಸಿನ ಹಾಕಿದರೆ ಬಣ್ಣ ಎಣ್ಣೆಗೆ ಇಳಿಯುತ್ತದೆ. ಗ್ಲುಟಾಥಯೋನ್ ಉಪ್ಪಿನ ಜಾತಿ: ವಿದ್ಯುದಂಶ ಹೊತ್ತ, ನೀರನ್ನು ಇಷ್ಟಪಡುವ ಅಣು. ಮುಚ್ಚಳ ಹಾಕಿದ ಅನೇಕ ಅಣುಗಳು ಅರಿಸಿನದ ಜಾತಿ. ಹಾಗಾದರೆ ಲೋಹದ ಸುತ್ತ ಎಣ್ಣೆಯಂಥ ಪದರ ಹಚ್ಚಿದರೆ? 2015ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿನ್ಸೆಂಟ್ ರೊಟೆಲ್ಲೊ ತಂಡ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಚಿನ್ನದ ನ್ಯಾನೋಕಣದ ಸುತ್ತ ಎಣ್ಣೆಗುಣದ ಕೂದಲುಗಳನ್ನು ನೆಟ್ಟು, ಆ ಕೂದಲುಗಳ ನಡುವೆ ರುಥೇನಿಯಂ, ಪೆಲೇಡಿಯಂ ಕ್ಯಾಟಲಿಸ್ಟನ್ನು ಅಡಗಿಸಿದರು. ಮೇಲೆ ಒಂದು ಅಣುವನ್ನು ಬಾಗಿಲಿನಂತೆ ಕೂರಿಸಿದರು, ಬೇಕೆಂದಾಗ ತೆರೆಯುವ ಹಾಗೆ. ಚಿನ್ನ ಇಲ್ಲಿ ಔಷಧವಲ್ಲ, ಬರೀ ಗೋಡೆ ಎಂಬುದನ್ನು ಗಮನಿಸಿ. "ಚಿನ್ನದಿಂದ ಕ್ಯಾನ್ಸರ್ ಗುಣ" ಎಂಬ ತಲೆಬರಹಗಳಲ್ಲಿ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಇನ್ನೊಂದು ದಾರಿ ಪ್ರಕೃತಿಯನ್ನೇ ಅನುಸರಿಸುವುದು. ಹಸಿ ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ. ಅದು ಬಯೋಟಿನ್ ಎಂಬ ವಿಟಮಿನ್‌ ಅನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದರೆ ಬಿಡಿಸುವುದೇ ಕಷ್ಟ. (ದಿನವೂ ಹಸಿ ಮೊಟ್ಟೆ ಕುಡಿದರೆ ಕೂದಲು ಬೆಳೆಯುತ್ತದೆ ಎನ್ನುವವರಿಗೆ ಇದನ್ನು ಹೇಳಿ. ಕೂದಲಿಗೆ ಬೇಕಾದ ಬಯೋಟಿನ್‌ ಅನ್ನೇ ಹಸಿ ಬಿಳಿ ಕಟ್ಟಿಹಾಕುತ್ತದೆ, ಬೇಯಿಸಿದರೆ ಆ ತೊಂದರೆಯಿಲ್ಲ.) 1978ರಲ್ಲೇ ವಿಲ್ಸನ್ ಮತ್ತು ವೈಟ್‌ಸೈಡ್ಸ್ ಎಂಬ ರಸಾಯನ ವಿಜ್ಞಾನಿಗಳು ರೋಡಿಯಂ ಕ್ಯಾಟಲಿಸ್ಟ್‌ಗೆ ಬಯೋಟಿನ್‌ನ ಬಾಲ ಕಟ್ಟಿ ಅವಿಡಿನ್‌ನ ಗೂಡಿಗೆ ಇಳಿಸಿದ್ದರು. ಅದೇ ಜಾಡಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಥಾಮಸ್ ವಾರ್ಡ್ ಮತ್ತು ಜತೆಗಾರರು 2016ರಲ್ಲಿ ರುಥೇನಿಯಂ ಕ್ಯಾಟಲಿಸ್ಟನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಕೆಲಸಕ್ಕೆ ಹಚ್ಚಿದರು. ಅವರ ಜಾಣತನ ಜಾಗದ ಆಯ್ಕೆಯಲ್ಲಿತ್ತು. ಆ ಬ್ಯಾಕ್ಟೀರಿಯಾಕ್ಕೆ ಒಳಗೊಂದು ಹೊರಗೊಂದು ಎರಡು ಗೋಡೆ. ನಡುವಿನ ಓಣಿಯಲ್ಲಿ ಗ್ಲುಟಾಥಯೋನ್ ಕಾಟ ಕಡಿಮೆ. ಕ್ಯಾಟಲಿಸ್ಟನ್ನು ಅಲ್ಲೇ ಕೂರಿಸಿದರು.

ಜಪಾನಿನ ರಿಕೆನ್ ಸಂಸ್ಥೆಯ ಕಟ್ಸುನೋರಿ ತನಾಕಾ ತಂಡ ನಮ್ಮ ರಕ್ತದಲ್ಲೇ ಇರುವ ಅಲ್ಬುಮಿನ್ ಪ್ರೋಟೀನಿನ ಆಳದ ಗುಳಿಯಲ್ಲಿ ರುಥೇನಿಯಂ ಇಟ್ಟಿತು (2019). ಅದೇ ವರ್ಷ ಸ್ಪೇನ್ ಮತ್ತು ಎಡಿನ್‌ಬರ್ಗ್ ವಿಜ್ಞಾನಿಗಳು ಕ್ಯಾನ್ಸರ್ ಕೋಶಗಳು ತಾವೇ ಹೊರಬಿಡುವ ಎಕ್ಸೋಸೋಮ್ ಎಂಬ ಪುಟ್ಟ ಚೀಲಗಳಲ್ಲಿ ಪೆಲೇಡಿಯಂ ಹಾಳೆಗಳನ್ನು ತುಂಬಿದರು.

ಬೆಂಗಳೂರಿನಲ್ಲಿ ಬೇರೆಯದೇ ಉಪಾಯ

ಇವರೆಲ್ಲ ಗ್ಲುಟಾಥಯೋನ್‌ನಿಂದ ಲೋಹವನ್ನು ಮುಚ್ಚಿಡಲು ಹೆಣಗುತ್ತಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಮತ್ತು ಸಂಗಡಿಗರು ಶತ್ರುವನ್ನೇ ಕೆಲಸಕ್ಕೆ ಇಟ್ಟುಕೊಂಡರು. 2014ರಲ್ಲಿ ಅವರು ವೆನೇಡಿಯಂ ಪೆಂಟಾಕ್ಸೈಡ್‌ನ ನ್ಯಾನೋ ತಂತಿಗಳನ್ನು ತೋರಿಸಿದರು. ಈ ತಂತಿಗಳು ಕೋಶದ ಗ್ಲುಟಾಥಯೋನ್‌ ಅನ್ನೇ ಬಳಸಿಕೊಂಡು ಹಾನಿಕರ ಪೆರಾಕ್ಸೈಡ್‌ ಅನ್ನು ನೀರಾಗಿಸುತ್ತವೆ, ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ನಮ್ಮದೇ ಕಿಣ್ವ ಮಾಡುವ ಕೆಲಸ. ಅದೇ ವೆನೇಡಿಯಂ ಪೆಂಟಾಕ್ಸೈಡ್ ದಪ್ಪ ಪುಡಿಯ ರೂಪದಲ್ಲಿ ಕೋಶಗಳಿಗೆ ವಿಷ. ಲೋಹ ಒಂದೇ, ರೂಪ ಬೇರೆಯಾದಾಗ ನಡತೆಯೂ ಬೇರೆ. 2021ರಲ್ಲಿ ಅದೇ ಸಂಸ್ಥೆಯ ಅಮಿತ್ ಸಿಂಗ್ ಅವರೊಂದಿಗೆ ಸೇರಿ, ಇಂಥದೇ ನ್ಯಾನೋ ವಸ್ತು ಕೋಶಗಳಲ್ಲಿ ಮಲಗಿರುವ ಎಚ್‌ಐವಿ ಮತ್ತೆ ಎಚ್ಚರವಾಗುವುದನ್ನು ತಡೆಯುತ್ತದೆ ಎಂದು ತೋರಿಸಿದರು. ಇದೂ ಪ್ರಯೋಗಾಲಯದ ಕೋಶಗಳ ಮಟ್ಟದ ಫಲಿತಾಂಶ. "ಬೆಂಗಳೂರಿನಲ್ಲಿ ಏಡ್ಸ್‌ಗೆ ಮದ್ದು" ಎಂದು ಯಾರಾದರೂ ಕಳಿಸಿದರೆ ಅಷ್ಟು ಮುಂದೆ ಓಡಬೇಡಿ ಎನ್ನಿ.

ಲೋಹವನ್ನು ಕಾಪಾಡಿದರಾಯಿತು, ನಮ್ಮನ್ನು ಕಾಪಾಡುವವರು ಯಾರು?

ಕಾವಲು ಎರಡೂ ಕಡೆಗೆ ಬೇಕು. ಕೋಶದಿಂದ ಲೋಹಕ್ಕೆ ರಕ್ಷಣೆ ಬೇಕಾದಷ್ಟೇ ಲೋಹದಿಂದ ಕೋಶಕ್ಕೂ ಬೇಕು. ತಾಮ್ರದ ಕಥೆ ನೋಡಿ. ಎರಡು ಅಣುಗಳನ್ನು ಬಟನ್ ಹಾಕಿದಂತೆ ಜೋಡಿಸುವ ಕ್ಲಿಕ್ ರಸಾಯನಶಾಸ್ತ್ರಕ್ಕೆ 2022ರ ನೊಬೆಲ್ ಬಂತು. ಅದರಲ್ಲಿ ತಾಮ್ರ ಕ್ಯಾಟಲಿಸ್ಟ್. ಆದರೆ ಬಿಡಿ ತಾಮ್ರ ಜೀವಕೋಶಕ್ಕೆ ವಿಷಕಾರಿ. ಬಹುಮಾನ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಕ್ಯಾರೊಲಿನ್ ಬರ್ಟೋಜಿ ಹುಡುಕಿದ ಪರಿಹಾರ ತಾಮ್ರವನ್ನೇ ಕೈಬಿಡುವುದು. ದೇಹದೊಳಗೆ ಕ್ಲಿಕ್ ಮಾಡಿ ಕ್ಯಾನ್ಸರ್ ಔಷಧ ಬಿಡಿಸುವ ಒಂದು ಪದ್ಧತಿ 2020ರಲ್ಲಿ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದಾಗ ಅದರಲ್ಲೂ ಲೋಹ ಇರಲಿಲ್ಲ. ಪೆಲೇಡಿಯಂ ಕಣಗಳ ಪ್ರಯೋಗ ಇಲಿಗಳವರೆಗೆ ಹೋಗಿದೆ. ಕೆಲಸ ಮುಗಿದ ಮೇಲೆ ಆ ಕಣ ಎಲ್ಲಿ ಹೋಗುತ್ತದೆ, ಯಕೃತ್ತಿನಲ್ಲಿ ಎಷ್ಟು ಕಾಲ ಕೂರುತ್ತದೆ ಎನ್ನುವುದು ಸಣ್ಣ ಪ್ರಶ್ನೆಯಲ್ಲ. ಕೊಲಾಯ್ಡಲ್ ಸಿಲ್ವರ್ ಎಂಬ ಬೆಳ್ಳಿಯ ದ್ರಾವಣವನ್ನು ಬಹುಕಾಲ ಕುಡಿದವರ ಚರ್ಮ ನೀಲಿ ಬೂದುಬಣ್ಣಕ್ಕೆ ತಿರುಗಿ ಹಾಗೆಯೇ ಉಳಿದ ಉದಾಹರಣೆಗಳಿವೆ.

ಮನುಷ್ಯರ ಮೇಲಿನ ಪ್ರಯೋಗದಲ್ಲಿ ತುಂಬ ಮುಂದೆ ಹೋದ ಒಂದು ಲೋಹದ ಕ್ಯಾಟಲಿಸ್ಟ್ ಅವಸೊಪಾಸೆಮ್. ಮ್ಯಾಂಗನೀಸನ್ನು ಇಂಗಾಲ ಮತ್ತು ಸಾರಜನಕದ ಗಟ್ಟಿ ಉಂಗುರದ ನಡುವೆ ಕೂರಿಸಿದ ಅಣು ಇದು. ತಲೆ ಕುತ್ತಿಗೆ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆಯುವವರ ಬಾಯಿ ಹುಣ್ಣು ಕಡಿಮೆ ಮಾಡುವುದು ಇದರ ಗುರಿ, ಕ್ಯಾನ್ಸರ್ ಕೊಲ್ಲುವುದಲ್ಲ. ಮೂರನೇ ಹಂತದ ಪ್ರಯೋಗದಲ್ಲಿ ತೀವ್ರ ಹುಣ್ಣು ಕಡಿಮೆಯಾಯಿತು. ಆದರೂ 2023ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಡಲಿಲ್ಲ, ಇನ್ನೊಂದು ಪ್ರಯೋಗ ಬೇಕೆಂದಿತು. ಫಾರ್ವರ್ಡ್‌ನ ಭಾಷೆಗೂ ಔಷಧ ಒಪ್ಪಿಗೆಯ ಭಾಷೆಗೂ ಇರುವ ದೂರ ಇಷ್ಟು.

ಓದುಗರು ಕೇಳಬಹುದಾದ ಕೆಲವು ಪ್ರಶ್ನೆಗಳು

ಆಸ್ಪತ್ರೆಯಲ್ಲಿ ಕೊಡುವ ಸಿಸ್‌ಪ್ಲಾಟಿನ್ ಪ್ಲಾಟಿನಂ ಅಲ್ಲವೇ? ಹೌದು. 1978ರಿಂದ ಬಳಕೆಯಲ್ಲಿದೆ. ಆದರೆ ಅದು ಕ್ಯಾಟಲಿಸ್ಟ್ ಅಲ್ಲ. ಪ್ರತಿ ಅಣುವೂ ಕೋಶದ ಡಿಎನ್‌ಎಗೆ ತಾನೇ ಹೋಗಿ ಅಂಟಿಕೊಳ್ಳುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದನ್ನೂ ಗ್ಲುಟಾಥಯೋನ್ ಹಿಡಿದು ಕೆಡಿಸುತ್ತದೆ, ಕೆಲವು ಗಡ್ಡೆಗಳು ಔಷಧಕ್ಕೆ ಬಗ್ಗದಿರಲು ಇದೂ ಒಂದು ಕಾರಣ.

ತಾಮ್ರದ ಚೊಂಬಿನ ನೀರು, ಚಿನ್ನದ ಭಸ್ಮ ಇದೇ ಕೆಲಸ ಮಾಡುತ್ತವೆಯೇ? ಈ ಸಂಶೋಧನೆಗೂ ಅವಕ್ಕೂ ಸಂಬಂಧವಿಲ್ಲ. ಇಲ್ಲಿ ಕಣದ ಗಾತ್ರ, ಸುತ್ತಲ ಗೂಡು, ಇಡುವ ಜಾಗ, ಜತೆಗೆ ಕೊಡುವ ಮುಚ್ಚಳ ಹಾಕಿದ ಔಷಧ, ನಾಲ್ಕೂ ಸೇರಿದರೆ ಮಾತ್ರ ಏನಾದರೂ ನಡೆಯುತ್ತದೆ. ಬಾಯಲ್ಲಿ ನುಂಗಿದ ಲೋಹಕ್ಕೆ ಇದಾವುದೂ ಇಲ್ಲ.

ಈ ಚಿಕಿತ್ಸೆ ಕೊಡುತ್ತೇವೆಂದು ಯಾರಾದರೂ ಹೇಳಿದರೆ? ಗಡ್ಡೆಯಲ್ಲಿ ಲೋಹದ ಕ್ಯಾಟಲಿಸ್ಟ್ ಇಟ್ಟು ಔಷಧ ತಯಾರಿಸುವ, ಒಪ್ಪಿಗೆ ಪಡೆದ ಕ್ಯಾನ್ಸರ್ ಚಿಕಿತ್ಸೆ ಇಲ್ಲ. "ಪ್ರಯೋಗ ನಡೆಯುತ್ತಿದೆ, ಸೇರಿಕೊಳ್ಳಿ" ಎಂದರೆ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಮನುಷ್ಯರ ಮೇಲಿನ ಔಷಧ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಆ ಜಾಲತಾಣವನ್ನು ಮೊಬೈಲಿನಲ್ಲೇ ತೆರೆದು ಯಾರು ಬೇಕಾದರೂ ಹುಡುಕಬಹುದು. ಸಂಖ್ಯೆ ಕೊಡದೆ ಪ್ರಯೋಗದ ಔಷಧಕ್ಕೆ ಹಣ ಕೇಳಿದರೆ, ಆ ಫೋನ್ ನಂಬರನ್ನು ಗ್ರೂಪಿಗೆ ಕಳಿಸುವ ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತೋರಿಸಿ.